ಗೋಣಿಚೀಲದಡಿಯ ಹುಣಸೆಹಣ್ಣು

"ಅಜ್ಜಿ, ನೀವೇನು ಕೆಲಸ ಮಾಡ್ತೀರಿ?" ಎಂದು ಸರ್ವೆಗೆ ಬಂದ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು ಕೇಳಿದಳು. ಬಂಗಾರಪೇಟೆ ಮಂಡಿಯವರು ಬೀಜ ಬಿಡಿಸಲು ಕೊಟ್ಟಿದ್ದ ಹುಣಸೆಹಣ್ಣನ್ನು ನಾನು ಕುಟ್ಟುತ್ತಿದ್ದೆ. ತಕ್ಷಣ ರಾಶಿಯ ಮೇಲೆ ಗೋಣಿಚೀಲ ಎಳೆದು ಅದರ ಮೇಲೇ ಕೂತುಬಿಟ್ಟೆ. ಅವಳ ಕೊರಳಲ್ಲಿ ಕಾರ್ಡು, ಕೈಯಲ್ಲಿ ಟ್ಯಾಬು. ದುಡಿಯುವವಳೆಂದು ಬರೆದುಕೊಂಡರೆ ನನ್ನ ವಿಧವಾ ಪಿಂಚಣಿ ನಿಂತೇಹೋಗುತ್ತದೆ ಎಂದು ಹೆದರಿದೆ.

"ಏನೂ ಇಲ್ಲಮ್ಮ. ಉಂಡು ಕುಂತಿರ್ತೀನಿ" ಅಂದೆ.

ಅವಳು ಕಪ್ಪಗೆ ಅಂಟಂಟಾಗಿದ್ದ ನನ್ನ ಬೆರಳು ನೋಡಿದಳು. "ನಾನು ಪಿಂಚಣಿ ಕಡೆಯವಳಲ್ಲ ಅಜ್ಜಿ. ಮನೇಲೇ ದುಡಿಯೋ ಹೆಂಗಸರಿಗೆ ಏನು ಆಸರೆ ಇದೆ ಅಂತ ಒಂದು ಅಧ್ಯಯನ ನಡೀತಿದೆ, ಅದಕ್ಕೆ ಬಂದಿದೀನಿ. ನಿಮ್ಮ ಹೆಸರೂ ಬರಕೊಳ್ಳಲ್ಲ" ಅಂದಳು.

ನಾನು ನಂಬಲಿಲ್ಲ. "ನಿಂದು ಪರ್ಮನೆಂಟು ಕೆಲಸಾನಾ?" ಎಂದು ತಿರುಗಿ ಕೇಳಿದೆ.

"ಎಲ್ಲಿಂದ ಬಂತು ಅಜ್ಜಿ! ಈ ಸರ್ವೆ ಮುಗಿಯೋ ತನಕ ಅಷ್ಟೇ. ಆಮೇಲೆ ಊರಿಗಾಂನಲ್ಲಿ ಅಮ್ಮನ ಜೊತೆ ಮನೇಲೇ ಇರಬೇಕು."

"ಅಂಗಾದ್ರೆ ಆಗ 'ಏನ್ ಕೆಲಸ ಮಾಡ್ತೀಯ' ಅಂತ ನಿನ್ನ ಕೇಳಾಕೆ ಯಾರ್ ಬತ್ತಾರೆ?"

ಅವಳು ನಕ್ಕಳು. 'ಕೆಲಸವಿಲ್ಲ' ಎಂದು ಟ್ಯಾಬಿನಲ್ಲಿ ಒತ್ತಿಕೊಂಡು ಪಕ್ಕದ ಮನೆಗೆ ಹೋದಳು. ಅಲ್ಲಿಯೂ ಹುಣಸೆ ಕುಟ್ಟುವ ಸದ್ದು ತಟ್ಟನೆ ನಿಂತಿತು.

ಪಿಂಚಣಿ ಈ ತಿಂಗಳು ಬಂದಿದೆ. ಆದರೂ ಹೆದರಿಕೆ ಹೋಗಿಲ್ಲ, ಬೇರೆ ಹೆದರಿಕೆ ಹಿಡಿದಿದೆ. ನಮ್ಮ ಬೀದಿಯಲ್ಲಿ ದುಡಿಯುವ ಹೆಂಗಸು ಒಬ್ಬಳೂ ಇಲ್ಲವೆಂದು ಅವರ ಅಧ್ಯಯನದಲ್ಲಿ ಸೇರಿಹೋಗಿರುತ್ತದೆ. ನಾಳೆ ದುಡಿಯುವ ಹೆಂಗಸರಿಗೆಂದೇ ಏನಾದರೂ ಕೊಡಲು ಬಂದರೆ, ನಾನು ಯಾವ ಬಾಯಲ್ಲಿ ಕೇಳಲಿ?