ಅತ್ತೆ ಮಾಡಿದ ತಿದ್ದುಪಡಿ

ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಹೊಸೂರಿನ ಬಸ್ ನಿಲ್ದಾಣದಲ್ಲಿ, ನಾನು ಇದ್ದಕ್ಕಿದ್ದಂತೆ ಓದುಬಾರದವಳಾದೆ. ಸುತ್ತ ನಿಂತವರಲ್ಲಿ ಎಷ್ಟೋ ಮಂದಿ ಕನ್ನಡವನ್ನೇ ಆಡುತ್ತಿದ್ದರು. ಆದರೆ ಬಸ್ಸಿನ ಹಣೆಯ ಮೇಲಿನ ಬೋರ್ಡು ತಮಿಳಿನದು. ಪತ್ರಿಕೆಗಳಿಗೆ ಬರೆದು ನಾಲ್ಕು ಜನರಿಂದ ಭೇಷ್ ಎನ್ನಿಸಿಕೊಂಡಿದ್ದ ನಾನು ಪಕ್ಕದ ಹೂವಿನ ಹೆಂಗಸನ್ನು, “ಇದು ರಾಯಕೋಟೆಗೆ ಹೋಗ್ತದೇನ್ರಿ?” ಎಂದು ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಬೋಡ್ ಹಾಕವ್ರಲ್ಲಮ್ಮ, ಓದಾಕ್ ಬರಲ್ವಾ?” ಎಂದಳು.

ಗಂಡ ಧಾರವಾಡದಲ್ಲಿ ಕೆಲಸಕ್ಕಿದ್ದಾಗ ನಮ್ಮ ಮದುವೆಯಾಗಿತ್ತು. ಅವರಿಗೆ ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿದ ಮೇಲೆ, ಎಂಟು ವರ್ಷದ ಮಗಳು ಇಂಚರಳನ್ನು ಕರೆದುಕೊಂಡು ರಾಯಕೋಟೆಯ ಬಳಿಯ ಅವರ ಹುಟ್ಟೂರಿಗೆ ಬಂದೆವು. ಅಲ್ಲಿ ಅತ್ತೆ, ಮಾವ, ಒಂದಿಷ್ಟು ಮಾವಿನ ತೋಟ, ರಾಗಿ ಹೊಲ.

ಧಾರವಾಡದಲ್ಲಿ ಬರೆಯುವಾಗ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಇಲ್ಲಿ ಹಗಲಲ್ಲಿ ಬಾಗಿಲು ಹಾಕಿದರೆ ಮೈಗೆ ಹುಷಾರಿಲ್ಲವೇನೋ ಎಂದು ಪಕ್ಕದ ಮನೆಯವರು ಬಂದು ವಿಚಾರಿಸುತ್ತಾರೆ. ತವರಿನ ಜೋಳದ ಹಿಟ್ಟು ಮುಗಿದ ದಿನ ನನ್ನ ಮುಖ ನೋಡಿದ ಅತ್ತೆ ರಾಗಿರೊಟ್ಟಿ ತಟ್ಟಿ ತಂದು, “ಇದೂ ರೊಟ್ಟೀನೇ ಕಣಮ್ಮ, ತಿನ್ನು” ಎಂದರು.

ಅತ್ತೆ ಐದನೆಯ ತರಗತಿಯವರೆಗೆ ತಮಿಳಿನಲ್ಲಿ ಓದಿದವರು. ಕನ್ನಡ ಅವರ ಬಾಯಲ್ಲಿದೆ, ಕಣ್ಣಿಗೆ ಗೊತ್ತಿಲ್ಲ. ಇಂಚರ ಸಂಜೆ ಶಾಲೆಯಿಂದ ಬಂದು ನನಗೆ ತಮಿಳು ಅಕ್ಷರ ಕಲಿಸತೊಡಗಿದಳು. ‘ಕ’ಕ್ಕೂ ‘ಗ’ಕ್ಕೂ ಅಲ್ಲಿ ಒಂದೇ ಅಕ್ಷರ. ನಾನು ತಡವರಿಸಿದಾಗಲೆಲ್ಲ ಮಗಳು ಟೀಚರಂತೆ ನಿಟ್ಟುಸಿರು ಬಿಡುತ್ತಿದ್ದಳು.

ಎರಡನೆಯ ವರ್ಷದ ವಸಂತ. ಹೊಂಗೆ ಚಿಗುರಿತ್ತು, ಮಾವು ಮಿಡಿಗಟ್ಟಿತ್ತು. ಜಗಲಿಯ ತುಂಬ ಹುಣಸೆಹಣ್ಣಿನ ರಾಶಿ. ಸಿಪ್ಪೆ ಬಡಿದು, ನಾರು ಎಳೆದು, ಬೀಜ ಬಿಡಿಸುವ ಕೆಲಸ ಯುಗಾದಿಯವರೆಗೂ ಮುಗಿಯದು. ಅಂಥ ಒಂದು ಮಧ್ಯಾಹ್ನ, ಈ ಮನೆಯ ಬಗ್ಗೆ ನಾನು ಬರೆದ ಲೇಖನ ಅಚ್ಚಾದ ವಾರಪತ್ರಿಕೆ ಅಂಚೆಯಲ್ಲಿ ಬಂತು.

“ಏನ್ ಬರ್ದಿದ್ದೀಯ, ಓದಮ್ಮ, ಕೇಳಾನ” ಎಂದರು ಅತ್ತೆ.

ಓದಿದೆ. ಮಾವಿನ ಹೂವಿನ ಮಾತು ಬಂದಾಗ ಅವರು ತಲೆದೂಗಿದರು. ಮುಂದಿನ ಪ್ಯಾರಾ ಅವರ ಬಗ್ಗೆಯೇ ಇತ್ತು. ಅದನ್ನು ಹಾರಿಸಿ ಓದಿದೆ.

ಹೆಗಲ ಮೇಲಿಂದ ಇಣುಕುತ್ತಿದ್ದ ಇಂಚರ, ಧಾರವಾಡದಲ್ಲಿ ಕನ್ನಡ ಕಲಿತವಳು, “ಅಮ್ಮಾ, ನಡಕಿಂದು ಬಿಟ್ಟಿ” ಎಂದು ತಾನೇ ಓದಿಬಿಟ್ಟಳು: “ಎಲ್ಲರೂ ಉಂಡೆದ್ದ ಮೇಲೆ ಅತ್ತೆ ಗೋಡೆಗೆ ಮುಖ ಮಾಡಿ ಒಬ್ಬರೇ ಉಣ್ಣುತ್ತಾರೆ. ಆ ಬೆನ್ನಿನ ಮೇಲೆ ಒಂದು ಬಾಳಿನ ಅವಮಾನವೆಲ್ಲ ಕೂತಂತಿದೆ.”

ಬೀಜ ಬಿಡಿಸುತ್ತಿದ್ದ ಅತ್ತೆಯ ಕೈ ನಿಂತಿತು. “ಅವಮಾನ ಅಂದ್ರೆ ಮರ್ಯಾದೆ ಹೋಗಾದಲ್ವಾ? ಯಾರಮ್ಮ ತೆಗೆದ್ರು ನನ್ ಮರ್ಯಾದೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು.

ಎರಡು ದಿನ ಬೇಕಾದಷ್ಟೇ ಮಾತು. ಈ ಮನೆಯಲ್ಲಿ ನನ್ನ ಮುಖ ನೋಡಿ ರೊಟ್ಟಿ ತಟ್ಟಿದ್ದ ಜೀವವನ್ನು ನಾಲ್ಕು ಚೆಂದದ ಸಾಲಿಗಾಗಿ ನೋಯಿಸಿದ್ದೆ. ಮೂರನೆಯ ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಅಡುಗೆಮನೆಗೆ ಹೋಗಿ ಅವರ ಹತ್ತಿರ ಕುಳಿತೆ.

“ಅತ್ತೀ, ನಿಮ್ಮನ್ನ ಕೇಳಲಾರದ ಬರದೆ. ತಪ್ಪಾತ್ರಿ.”

ಅವರು ತುತ್ತು ನುಂಗಿ, ನೀರು ಕುಡಿದು ಹೇಳಿದರು: “ಬೆಳಗ್ಗಿಂದ ಅಮ್ಮಾ, ಅಜ್ಜೀ, ಲೇ ಅಂತ ಎಲ್ಲಾರೂ ಕರೀತಾನೇ ಇರ್ತೀರ. ನನ್ ಗಂಡ ಉಂಡು ಮಲಗಿದ್ ಮ್ಯಾಲೆ ಇಲ್ಲಿ ಕುಂತ್ರೆ ಯಾರೂ ಕರ್ಯಲ್ಲ. ನಿದಾನಕ್ಕೆ ಉಣ್ತೀನಿ. ದಿನಕ್ಕೆ ಇದೊಂದೇ ಹೊತ್ತು ಕಣಮ್ಮ ನಂದು. ಅದನ್ನೂ ಅಳೋ ಹೊತ್ತು ಮಾಡ್ಬುಟ್ಟೆ ನೀನು.”

ಅವರು ಮತ್ತೊಂದು ತುತ್ತು ಉಂಡು ಮುಂದುವರಿಸಿದರು:

“ತಿದ್ದಿ ಬರಿ. ನಾನೇ ಓದ್ಬೇಕು, ಇನ್ನೊಬ್ರು ಓದಿ ಹೇಳಾದ್ ಬೇಡ.”

ಅವರ ಮಾತುಗಳನ್ನೇ, ಅವರ ಕನ್ನಡವನ್ನೇ, ತಮಿಳು ಅಕ್ಷರದಲ್ಲಿ ಬರೆದೆ. ಒಂದು ಪುಟಕ್ಕೆ ಇಡೀ ಸಂಜೆ ಹಿಡಿಯಿತು. ಇಂಚರ ಹನ್ನೊಂದು ತಪ್ಪು ತಿದ್ದಿದಳು. ಮರುದಿನ ಅತ್ತೆ ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಅಕ್ಷರ ಕೂಡಿಸಿ ಓದಿದರು: “ನನ್... ಕಂಡ... ಉಂಡು...” ಅಲ್ಲಿಗೇ ನಿಂತು ಕಿಸಕ್ಕನೆ ನಕ್ಕರು. “ಅಯ್ಯೋ, ಗಂಡ ಹೋಗಿ ಕಂಡ ಆಗ್ಬುಟ್ನಲ್ಲಮ್ಮ!” ಜಗಲಿಯಲ್ಲಿದ್ದ ಮಾವನಿಗೂ ಕೂಗಿ ಹೇಳಿದರು. ಪುಟ ಮುಗಿಸಿ, ಮಡಿಸಿ, ಎಲೆಯಡಿಕೆ ಚೀಲದಲ್ಲಿಟ್ಟುಕೊಂಡರು.

ತಿದ್ದಿದ್ದನ್ನು ಕನ್ನಡದಲ್ಲಿ ಬರೆದು ಪತ್ರಿಕೆಗೂ ಕಳಿಸಿದೆ, ಅದು ಅಚ್ಚಾಯಿತು. ಆ ವಾರವೇ ಧಾರವಾಡದಿಂದ ನನ್ನವ್ವ ಫೋನ್ ಮಾಡಿದಳು.

“ನಿಮ್ಮತ್ತಿ ಬಗ್ಗೆ ಬರದಿದ್ದು ಓದಿದೆ. ಭಾಳ ಚಲೋ ಅದ.” ಆಮೇಲೆ ಕೇಳಿದಳು: “ನಾನೂ ಹಂಗ ಕಡೀಕ ಒಬ್ಬಾಕೀನ ಉಣತಿದ್ನಲ್ಲ. ಯಾಕ ಅಂತ ಒಂದಿನಾರ ಕೇಳೀಯೇನು?”

“ಇಲ್ಲ ಕಣವ್ವ” ಎಂದೆ. ‘ಕಣ’ ಎಂಬುದು ಅವಳ ಮನೆಯ ಮಾತಲ್ಲ. ಬಾಯಿಗೆ ತಾನಾಗಿ ಬಂದಿತ್ತು. “ಈಗ ಹೇಳು.”

“ಫೋನಿನಾಗ ಹೇಳೂ ಮಾತಲ್ಲದು. ಬಾ.”

ಅಷ್ಟರಲ್ಲಿ ಜಗಲಿಯಿಂದ ಅತ್ತೆ ಕೂಗಿದರು: “ಹುಣ್ಸೆಹಣ್ಗೆ ಉಪ್ಪು ಬೆರೆಸ್ಬೇಕು, ಬಾಮ್ಮ!”

“ಬಂದೆ” ಎಂದೆ. ಇಬ್ಬರಲ್ಲಿ ಯಾರಿಗೆ ಹೇಳಿದೆನೋ, ನನಗೇ ತಿಳಿಯಲಿಲ್ಲ.