ಮಹಾಬಲಿಪುರದಲ್ಲಿ ಮಾದೇವಕ್ಕನ ಒಲೆ

ಮಹಾಬಲಿಪುರದ ಬಸ್ ನಿಲ್ಲುವ ಬಯಲಿಗೆ ಇನ್ನೂ ಬೆಳಕು ಹರಿದಿಲ್ಲ. ಕೊಳ್ಳೇಗಾಲದಿಂದ ರಾತ್ರಿಯಿಡೀ ಓಡಿಬಂದ ಬಸ್ಸಿನ ಹಿಂದೆ ಮಹಾದೇವಮ್ಮ ಒಲೆ ಹೂಡಿ, ಕಡಲ ಗಾಳಿಗೆ ಅಡ್ಡವಾಗಿ ಅಕ್ಕಿ ಮೂಟೆ ನಿಲ್ಲಿಸಿ, ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದಾರೆ. ಕಣ್ಣುಜ್ಜಿಕೊಂಡು ಇಳಿಯುವ ಪ್ರಯಾಣಿಕರು ಮೊದಲು ಕೇಳುವುದು ಕಡಲು ಎಲ್ಲಿದೆ ಎಂದಲ್ಲ. "ಮಾದೇವಕ್ಕ, ಕಾಪಿ ಆಯ್ತಾ?"

ಮಧುವನಹಳ್ಳಿಯ ಮಹಾದೇವಮ್ಮ ಪ್ರವಾಸದ ಬಸ್ಸಿನ ಅಡುಗೆಯವರು. ಮದುವೆ ಮನೆಗಳಿಗೆ ಅಡುಗೆ ಮಾಡುತ್ತಿದ್ದ ಗಂಡ ತೀರಿಕೊಂಡ ಮೇಲೆ ಸೌಟು ಇವರ ಕೈಗೆ ಬಂತು. ಹೆಂಗಸು ಬಸ್ಸಿನ ಹಿಂದೆ ಊರೂರು ಅಲೆಯುತ್ತಾಳೆ ಎಂದು ಆಡಿಕೊಂಡವರಿಗೇನೂ ಕಡಿಮೆಯಿರಲಿಲ್ಲ. "ಅಂದೋರೇ ಈಗ ಟೂರಿಗೆ ಬಂದು ಇನ್ನೊಂದ್ ಸೌಟು ಸಾರು ಆಕು ಅಂತಾರೆ. ನಾನೂ ಆಕ್ತೀನಿ ಸಾ, ಹಸ್ದೋರ ಮೇಲೆ ಸಿಟ್ಯಾಕೆ?" ಎಂದು ನಗುತ್ತಾರೆ.

ತವರು ಪಾಲಾರ್ ಕಡೆಯ ಗಡಿ ಹಳ್ಳಿಯಾದ್ದರಿಂದ ತಮಿಳು ನೀರು ಕುಡಿದಷ್ಟು ಸಲೀಸು. ತಿಂಡಿ ತಿಂದ ಜನ ಕಡಲ ದಂಡೆಯ ಗುಡಿ, ಕಲ್ಲಿನ ರಥಗಳು, ದೀಪಸ್ತಂಭ, ಮೊಸಳೆ ಪಾರ್ಕು ಎಂದು ಚದುರುತ್ತಾರೆ. ಅವರು ಮರಳುವಷ್ಟರಲ್ಲಿ ನಲವತ್ತೈದು ಜನಕ್ಕೆ ಮುದ್ದೆ, ಹುರುಳಿಕಾಳು ಸಾರು ಆಗಿರಬೇಕು. ಇಷ್ಟು ವರ್ಷ ಬಂದರೂ ಮಹಾದೇವಮ್ಮ ಕಡಲನ್ನೇ ನೋಡಿರಲಿಲ್ಲ. "ಸದ್ದು ಕೇಳ್ತಿತ್ತು. ನೋಡಕ್ಕೋದ್ರೆ ಸಾರು ನೋಡೋರ್ಯಾರು?"

ನೋಡಿದ್ದು ಕಳೆದ ಚಳಿಗಾಲದ ಪ್ರವಾಸದಲ್ಲಿ, ಅದೂ ಜೀವ ಬಾಯಿಗೆ ಬಂದ ಹೊತ್ತಿನಲ್ಲಿ. ತಲೆಗೊಂದು ಮುದ್ದೆ ಕಟ್ಟಿಡುವುದು ಅವರ ಕ್ರಮ. ಅವತ್ತು ಮಧ್ಯಾಹ್ನ ಎಲ್ಲರಿಗೂ ಬಡಿಸಿದ ಮೇಲೆ ಪಾತ್ರೆಯಲ್ಲಿ ಒಂದು ಮುದ್ದೆ ಉಳಿಯಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡೆಂಬ ಕಾಡಿನ ಹಾಡಿಯಿಂದ ಬಂದಿದ್ದ ಜಡೆಮ್ಮಜ್ಜಿ ಕಾಣೆಯಾಗಿದ್ದರು! ಸೊಸೆ ರೂಪ ಅಳಲು ಶುರುಮಾಡಿದಳು. ಡ್ರೈವರ್ ಸದಾಶಿವಪ್ಪ ಪೊಲೀಸರ ಬಳಿಗೆ ಓಡಿದರು.

ಮಹಾದೇವಮ್ಮನಿಗೆ ಹಿಂದಿನ ಸಂಜೆಯ ನೆನಪಾಯಿತು. ಮೆಟ್ಟೂರಿನ ಬಳಿ ಬಸ್ ನಿಂತಾಗ ಅಜ್ಜಿ ಹೋದ ದಾರಿಯುದ್ದಕ್ಕೂ ಸೊಪ್ಪು ಮುರಿದು ಹಾಕಿದ್ದರು. ಇವರು ನಕ್ಕಿದ್ದಕ್ಕೆ, "ಕಾಡ್ನಲ್ಲಿ ಇಂಗೇ ಕಣವ್ವ. ದಾರಿ ತಪ್ಪುದ್ರೆ ಅಲೀಬಾರ್ದು, ಕುಂತ್ಕಬೇಕು. ಸೊಪ್ಪು ನೋಡ್ಕಂಡು ನಮ್ಮೋರು ಬತ್ತಾರೆ" ಎಂದಿದ್ದರು.

ಬಸ್ಸಿನ ಮುಂದೆಯೇ ಸಿಕ್ಕಿತು, ಸರ್ವೆ ಮರದ ಒಂದು ರೆಂಬೆ. ಸ್ವಲ್ಪ ದೂರದಲ್ಲಿ ಮತ್ತೊಂದು. ಮಹಾದೇವಮ್ಮ ಸೌಟು ಹಿಡಿದೇ ಓಡಿದರು. ಒದ್ದೆ ಮರಳು ಬಂದದ್ದೇ ಗುರುತು ನಿಂತುಹೋಯಿತು. ಕಪ್ಪೆಚಿಪ್ಪು ಮಾರುವವಳನ್ನು ತಮಿಳಿನಲ್ಲಿ ಕೇಳಿದರು, "ಪಾಟ್ಟಿಯೆ ಪಾತ್ತೀಂಗಳಾ?" ಅಜ್ಜಿಯನ್ನು ಕಂಡಿದ್ದ ಆಕೆ ದಂಡೆಯ ಉದ್ದಕ್ಕೆ ಕೈ ತೋರಿಸಿದಳು.

ಎಳೆದಿಟ್ಟ ದೋಣಿಯ ನೆರಳಲ್ಲಿ ಜಡೆಮ್ಮಜ್ಜಿ ಕಾಲು ಮಡಚಿ ಕುಳಿತಿದ್ದರು, ಮಡಿಲಲ್ಲಿ ಇನ್ನೂ ಹಿಡಿ ಸೊಪ್ಪು. "ಬಂದ್ಯಾ ಮಗ? ಇಟ್ಟಿದ್ ಸೊಪ್ನೆಲ್ಲಾ ಈ ನೀರು ತಕಂಡೋಯ್ತು. ಯಾವ್ ಹಳ್ಳನೂ ಇಂಗ್ ಮಾಡಕಿಲ್ಲ ಕಣವ್ವ!"

ಮಹಾದೇವಮ್ಮ ಅಜ್ಜಿಯನ್ನು ತಬ್ಬಿಕೊಂಡು ಅತ್ತರು, ಅಳುತ್ತಲೇ ನಕ್ಕರು. ಅಷ್ಟರಲ್ಲಿ ಅಲೆ ಬಂದು ಪಾದ ತೋಯಿಸಿದಾಗಲೇ ತಲೆಯೆತ್ತಿ ನೋಡಿದ್ದು. "ಅದೇ ಸಾ ಕಡ್ಲು. ಕಣ್ ತುಂಬ ನೀರಿತ್ತು, ಸರ್ಯಾಗೂ ಕಾಣ್ಲಿಲ್ಲ."

ಈಗಲೂ ಹೆಚ್ಚಿನದೇನೂ ಬೇಡ ಎನ್ನುತ್ತಾರೆ. ಯಾರಾದರೂ ಒಂದು ಗಳಿಗೆ ಒಲೆ ನೋಡಿಕೊಂಡರೆ ದಂಡೆಯ ಗುಡಿಯನ್ನೂ ನೋಡುವಾಸೆ. ಆಮೇಲೆ, ಹೇಳದೇ ಬಿಟ್ಟದ್ದೇನೋ ನೆನಪಾದವರಂತೆ ಸೌಟು ಕೆಳಗಿಡುತ್ತಾರೆ.

"ಮುದ್ದೆ ಆರೋಗಿತ್ತು. ಬಿಸಿ ಸಾರು ಉಯ್ದೆ, ಅಜ್ಜಿ ಪೂರಾ ಉಂಡ್ರು. ಅವತ್ತೂ ನನ್ ಪಾತ್ರೇಲಿ ಒಂದ್ ಮುದ್ದೆನೂ ಉಳೀಲಿಲ್ಲ ಸಾ."