ನೆಗೆಣ್ಣಿಯ ತಾಟಿನ ಊಟ

ಮೂರು ಮಕ್ಕಳನ್ನು ಹೆತ್ತ ಮೇಲೂ ಅವರ ಬೆಳ್ಳಿಯ ಡಾಬು ಮದುವೆಯ ದಿನದ ಕೊಂಡಿಗೇ ಬಂದು ನಿಲ್ಲುತ್ತಿತ್ತು. ತುಂಬಿದ ಕೊಡ ಹೊತ್ತು ಅಂಗಳ ದಾಟುವಾಗ ಓಣಿಯ ಹೆಂಗಸರೆಲ್ಲ ಆ ಸೊಂಟವನ್ನೇ ನೋಡುತ್ತಿದ್ದರು. ಅವರು ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ನಾನು ಹೆತ್ತದ್ದು ಒಂದೇ. ಆದರೂ ನನ್ನ ಡಾಬು ಟ್ರಂಕಿನ ತಳ ಸೇರಿತ್ತು.

ಗಜೇಂದ್ರಗಡದ ನಮ್ಮ ಮನೆಯಲ್ಲಿ ಎರಡು ಕುಣಿಮಗ್ಗಗಳಿದ್ದವು. ಒಂದು ಗಂಡಸರದು, ಇನ್ನೊಂದು ನನ್ನದು. ತವರಿನಲ್ಲಿ ಕಲಿತ ಕೈ ನನ್ನದು; ನಾನು ನೇಯ್ದ ಅಂಚಿನ ಸೀರೆಯನ್ನು ನರೇಗಲ್ಲಿನ ವ್ಯಾಪಾರಿಗಳು ಕೇಳಿ ಒಯ್ಯುತ್ತಿದ್ದರು. ಬಾಣಂತನ ಮುಗಿದ ಮೇಲೆ ಮೈ ಎಷ್ಟು ಬಂತೆಂದರೆ, ಕುಣಿಯೊಳಗೆ ಕಾಲಿಳಿಸಿ ಕುಳಿತರೆ ಮಗ್ಗದ ಮುಂದಿನ ಮರ ಹೊಟ್ಟೆಗೆ ಒತ್ತುತ್ತಿತ್ತು, ಮೊಣಕಾಲು ಹಿಡಿದುಕೊಳ್ಳುತ್ತಿತ್ತು.

ಒಂದು ಮುಂಜಾನೆ ಅತ್ತೆ, “ನೀ ಕಂಡಿಕಿ ಸುತ್ತಕೋತ ಕುಂದ್ರು. ಮಗ್ಗಕ್ಕ ಹಿರಿಯಾಕಿ ಕುಂದರ್ಲಿ,” ಎಂದರು. ಅಂದಿನಿಂದ ರಾಟಿ ತಿರುಗಿಸಿ ನೂಲು ಸುತ್ತುತ್ತ, ನನ್ನ ಮಗ್ಗದಲ್ಲಿ ಕುಳಿತ ಅವರ ಬೆನ್ನನ್ನು ನೋಡುವುದೇ ನನ್ನ ಪಾಲಾಯಿತು.

ಕನ್ನಡ ನಾಡು ಒಂದಾದ ಮರುವರ್ಷ ರೋಣದ ಡಾಕ್ಟರಿಗೆ ಮೊಣಕಾಲು ತೋರಿಸಿದೆ. “ಮೈ ಇಳಸ್ರಿ. ಊಟಾ ಅರ್ಧ ಮಾಡ್ರಿ, ತೂಗಿ ತಿನ್ರಿ,” ಎಂದರು. ನಾನು ರೇಷ್ಮೆ ತೂಗುವ ತಕ್ಕಡಿಯನ್ನೇ ಅಡುಗೆಮನೆಗೆ ತಂದುಕೊಂಡೆ. ರೊಟ್ಟಿಯ ಬದಲು ಅಷ್ಟೇ ತೂಕದ ಶೇಂಗಾ ಹೋಳಿಗೆ, ಪಲ್ಯದ ಬದಲು ಅಷ್ಟೇ ತೂಕದ ಶಂಕರಪಾಳಿ. ತೂಕ ಸರಿಯಿದ್ದರೆ ತಿನಿಸು ಯಾವುದಾದರೇನು ಎಂಬುದು ನನ್ನ ಲೆಕ್ಕ. ನೆಗೆಣ್ಣಿ ಎದುರಿಗೇ ಕುಳಿತು ಪುಂಡಿಪಲ್ಯ, ಮಡಿಕೆಕಾಳು, ಹಸಿ ಉಳ್ಳಾಗಡ್ಡಿಯನ್ನು ತಾಟಿನ ತುಂಬ ಹಾಕಿಕೊಂಡು ರೊಟ್ಟಿ ಮುರಿಯುತ್ತಿದ್ದರು. ತೂಗುವುದಿಲ್ಲ, ಎಣಿಸುವುದಿಲ್ಲ. ಹಸಿವೂ ಸೇರಿ ನನ್ನ ಹೊಟ್ಟೆ ಎರಡು ಬಗೆಯಲ್ಲಿ ಉರಿಯುತ್ತಿತ್ತು.

“ತಂಗೆವ್ವ, ನಿನ್ನ ಹಸಿವು ಆ ತಕ್ಕಡಿಗೆ ಹ್ಯಾಂಗ ಗೊತ್ತಾಗಬೇಕು?” ಎಂದು ಒಮ್ಮೆ ನಕ್ಕರು.

“ನಿಮಗೇನ್ರಿ ಅಕ್ಕಾರ, ದೇವರು ಕೊಟ್ಟ ಮೈ. ನಗತೀರಿ,” ಎಂದೆ.

ಮೊದಮೊದಲು ಮೈ ಇಳಿದದ್ದು ಸುಳ್ಳಲ್ಲ. ಆದರೆ ತಿಂದ ಸಿಹಿ ಬೇಗ ಕರಗಿಹೋಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮತ್ತೆ ಹಸಿವು ಕಾಡುತ್ತಿತ್ತು. ಒಂದು ದಿನ ರಾಟಿಯ ಮುಂದೆಯೇ ಕಣ್ಣು ಕತ್ತಲಾಗಿ ಬಿದ್ದೆ. ಎಚ್ಚರವಾದಾಗ ತಲೆ ಅವರ ತೊಡೆಯ ಮೇಲಿತ್ತು. ಮಜ್ಜಿಗೆ ಕುಡಿಸುತ್ತ ಅವರು ಅತ್ತೆಗೆ ಹೇಳುತ್ತಿದ್ದರು: “ಇನ್ನ ಮ್ಯಾಲ ಈಕಿ ನನ್ನ ತಾಟಿನ್ಯಾಗ ಉಣ್ತಾಳ್ರಿ. ಮೈ ಇಳೀಲಿಲ್ಲಂದ್ರ ನನ್ನ ಬೈರಿ.”

ಒಂದೇ ತಾಟಿಗೆ ಕುಳಿತಾಗ ಅವರ ಗುಟ್ಟು ಹಿಡಿಯಲೇಬೇಕೆಂದು ಕಣ್ಣಿಟ್ಟು ನೋಡಿದೆ. ತುತ್ತನ್ನು ನುಣ್ಣಗೆ ಅಗಿಯುತ್ತಿದ್ದರು. ಸಕ್ಕರೆ ಚಹಾ ಬಂದರೆ ಮಾತಾಡುತ್ತಲೇ ತಮ್ಮ ಕಪ್ಪನ್ನು ಬೇರೆಯವರ ಮುಂದೆ ಸರಿಸುತ್ತಿದ್ದರು. ತಾಟಿನಲ್ಲಿ ಪಲ್ಯ ಉಳಿದಿರುವಾಗಲೇ ಕೈ ತೊಳೆಯುತ್ತಿದ್ದರು.

“ಹಂಗಾದ್ರ ನೀವೂ ಎಣಿಸಿ ಉಣ್ತೀರಿ!” ಎಂದೆ, ಕಳ್ಳನನ್ನು ಹಿಡಿದ ಖುಷಿಯಲ್ಲಿ.

“ನಾ ಎಣಸೂದಿಲ್ಲ, ಹೊಟ್ಟಿ ಎಣಸ್ತೈತಿ. ಚಲೋ ಉಂಡ್ರ ಅದು ಲಗೂನ ಸಾಕ ಅಂತೈತಿ,” ಎಂದರು. ಎಷ್ಟು ತಿನ್ನಬೇಕು, ಏನು ತಿನ್ನಬೇಕು ಎಂದು ಯಾರಾದರೂ ವಾದಕ್ಕಿಳಿದರೆ ನನಗೆ ಈಗಲೂ ಆ ಮಾತೇ ನೆನಪಾಗುತ್ತದೆ.

ಬೇಸಿಗೆಯ ಹೊತ್ತಿಗೆ ನಾನು ಕುಣಿಯಲ್ಲಿ ಸರಾಗವಾಗಿ ಕೂರುವಂತಾದೆ. ಅವರು ಮಗ್ಗದಿಂದ ತಾವೇ ಎದ್ದು ಲಾಳಿಯನ್ನು ನನ್ನ ಕೈಗಿಟ್ಟು, “ಇದು ನಿನ್ನ ಜಾಗಾ. ನಿನ್ನಂಥಾ ಅಂಚು ನನಗ ಬರೂದಿಲ್ಲ,” ಎಂದರು. ಆ ಮಾತಿಗೆ ನಾನು ಹಿಗ್ಗುವಷ್ಟರಲ್ಲೇ ಅತ್ತೆ ಓಣಿಯ ತುಂಬ, “ಹಿರಿಸೊಸಿ ಪುಣ್ಯಾ, ಕಿರಿಯಾಕಿ ಮನಶ್ಯಾಳಾದ್ಲು,” ಎಂದು ಹೇಳಿ ಬಂದರು. ಹೋಳಿಗೆ ಬಿಟ್ಟವಳು ನಾನು, ಚಹಾ ಬಿಟ್ಟವಳು ನಾನು. ನನ್ನ ಮೈ ಇಳಿದದ್ದರ ಹೆಸರೂ ಅವರಿಗೇ ಹೋಯಿತು.

ನಲವತ್ತು ತುಂಬುವ ಮೊದಲೇ ಅವರು ಜ್ವರ ಬಂದು ತೀರಿಕೊಂಡರು. ಮೈ ತೊಳೆದ ಹೆಂಗಸರು, “ಇನ್ನೂ ಮದಿಮಗಳಂಗ ಅದಾಳ,” ಎಂದಾಗ, ದೇವರೇ, ಅಲ್ಲಿಯೂ ಮತ್ಸರಕ್ಕೆ ನನ್ನೆದೆ ಚುರ್ ಎಂದಿತು.

ಬಂದ ನೆಂಟರೆಲ್ಲ ಹೋದ ಮೇಲೆ ರೊಟ್ಟಿ ಬಡಿದು ಅತ್ತೆಗೆ ಬಡಿಸಿದೆ. ಕಣ್ಣು ಮಂಜಾಗಿದ್ದ ಅತ್ತೆ ಒಂದು ತುತ್ತು ಅಗಿದು, “ಹಿರಿಯಾಕಿ ಮಾಡಿದಂಗ ಐತಿ,” ಎಂದರು. ನಾನು ಬಡಿದ ರೊಟ್ಟಿಗೂ ಅವರದೇ ಹೆಸರು! ಹೊಟ್ಟೆ ಉರಿಯಿತು. “ಹೌದ್ರಿ,” ಎಂದು ಇನ್ನೊಂದು ರೊಟ್ಟಿ ಹಾಕಿ, ಒಲೆಯ ಕಡೆ ಮುಖ ತಿರುಗಿಸಿ ಬಿಕ್ಕಿದೆ.